ಬಲಾಢ್ಯ ಮಿತ್ರ ಪಕ್ಕದಲ್ಲೇ ಇದ್ದರೂ ಕೆನಡಾಕ್ಕೆ ರಕ್ಷಣೆಯ ಚಿಂತೆ ಏಕೆ?

ಪ್ರಶ್ನೆ: ಕೆನಡಾ ನ್ಯಾಟೊದ ಸ್ಥಾಪಕ ಸದಸ್ಯ ರಾಷ್ಟ್ರ. ಪಕ್ಕದಲ್ಲಿ ಅಮೆರಿಕವಿದೆ, ಉಳಿದ ಮೂರು ಕಡೆ ಸಮುದ್ರವಿದೆ. ಇಂಥ ದೇಶ ಈಗ ಯುದ್ಧವಿಮಾನ, ಜಲಾಂತರ್ಗಾಮಿ, ರೇಡಾರ್ ಎಂದು ಅಪಾರ ಹಣ ಸುರಿಯಲು ಹೊರಟಿರುವುದೇಕೆ? ಮಿಲಿಟರಿ ಒಕ್ಕೂಟದೊಳಗೆ ಇದ್ದವರಿಗೆ ಭದ್ರತೆ ಸಿಗುತ್ತದೆ ಎಂಬುದು ನಿಜವಾದರೆ ಈ ಆತಂಕಕ್ಕೆ ಏನು ಕಾರಣ? ನನ್ನ ಮಗಳ ಕುಟುಂಬ ಖಾಯಂ ನಿವಾಸಿಗಳಾಗಿ ಕ್ಯಾಲ್ಗರಿಯಲ್ಲಿ ನೆಲೆಸಿದೆ, ಮೊಮ್ಮಗನಿಗೆ ಹದಿನೆಂಟು ತುಂಬುತ್ತಿದೆ. ಅಲ್ಲಿ ಕಡ್ಡಾಯ ಸೇನಾ ಸೇವೆ ಬರುವ ಸಾಧ್ಯತೆ ಇದೆಯೇ? (ಧಾರವಾಡದ ಓದುಗರೊಬ್ಬರು)

ಉತ್ತರ: ಕೆನಡಾದ ರಕ್ಷಣಾ ಸಮಸ್ಯೆಯನ್ನು ಶತ್ರು ಯಾರು ಎಂದು ಕೇಳುತ್ತಾ ಹೊರಟರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಮಿತ್ರ ಯಾರು, ಆ ಮಿತ್ರನೊಂದಿಗೆ ಆಗಿರುವ ಮಾತುಕತೆ ಏನು ಎಂಬಲ್ಲಿಂದ ಆರಂಭಿಸಬೇಕು. ಆ ಮಾತುಕತೆಯ ಬೇರು 1938ರ ಆಗಸ್ಟ್ ತಿಂಗಳಿನಲ್ಲಿದೆ. ಆಗಸ್ಟ್ 18ರಂದು ಒಂಟಾರಿಯೊ ಪ್ರಾಂತ್ಯದ ಕಿಂಗ್‌ಸ್ಟನ್‌ನಲ್ಲಿ ಮಾತನಾಡಿದ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್, ಬೇರಾವುದಾದರೂ ಸಾಮ್ರಾಜ್ಯ ಕೆನಡಾದ ನೆಲವನ್ನು ವಶಪಡಿಸಿಕೊಳ್ಳಲು ಮುಂದಾದರೆ ಅಮೆರಿಕದ ಜನ ಕೈಕಟ್ಟಿ ಕುಳಿತಿರುವುದಿಲ್ಲ ಎಂದು ಅಭಯ ನೀಡಿದರು. ಎರಡು ದಿನಗಳ ನಂತರ ವುಡ್‌ಬ್ರಿಜ್ ಎಂಬ ಊರಿನಲ್ಲಿ ಕೆನಡಾದ ಪ್ರಧಾನಿ ಮೆಕೆಂಜಿ ಕಿಂಗ್ ಅದಕ್ಕೆ ಪ್ರತಿಯಾಗಿ, ಶತ್ರು ಸೇನೆ ನೆಲ, ಜಲ, ವಾಯು ಯಾವ ಮಾರ್ಗದಿಂದಲೂ ಕೆನಡಾವನ್ನು ದಾಟಿ ಅಮೆರಿಕದತ್ತ ಸಾಗದಂತೆ ನೋಡಿಕೊಳ್ಳುವುದು ತಮ್ಮ ಹೊಣೆ ಎಂದು ಒಪ್ಪಿಕೊಂಡರು. ರೂಸ್ವೆಲ್ಟ್ ಕೊಟ್ಟ ಅಭಯವನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಕಿಂಗ್ ಹೊತ್ತುಕೊಂಡ ಹೊಣೆಯೇ ಹೆಚ್ಚು ಮುಖ್ಯವಾದದ್ದು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಆ ಹೊಣೆಯನ್ನು ಕೆನಡಾ ನಿರ್ವಹಿಸದೆ ಹೋದರೆ ಅಮೆರಿಕ ತನ್ನ ಸುರಕ್ಷತೆಗಾಗಿ ಅದನ್ನು ತಾನೇ ಕೈಗೆತ್ತಿಕೊಳ್ಳುತ್ತದೆ, ಮತ್ತು ಕೈಗೆತ್ತಿಕೊಂಡ ಮೇಲೆ ಕೆನಡಾದ ಆಕಾಶದಲ್ಲಿ, ಕಡಲಿನಲ್ಲಿ ಏನು ನಡೆಯಬೇಕು ಎಂಬ ತೀರ್ಮಾನವೂ ಅದರ ಪಾಲಾಗುತ್ತದೆ. ಆಕ್ರಮಣವನ್ನು ತಡೆಯುವುದಕ್ಕೆ ಎಷ್ಟು ಸೇನೆ ಬೇಕು ಎಂಬ ಲೆಕ್ಕ ಬೇರೆ, ಮಿತ್ರ ಕೆನಡಾದ ಮನೆಯೊಳಗೆ ತಾನಾಗಿಯೇ ಕಾಲಿಡುವ ಪ್ರಮೇಯ ಬಾರದಂತೆ ನೋಡಿಕೊಳ್ಳಲು ಎಷ್ಟು ಬೇಕು ಎಂಬ ಲೆಕ್ಕ ಬೇರೆ. ಕೆನಡಾ ಇಷ್ಟು ಕಾಲವೂ ಹಾಕುತ್ತಾ ಬಂದದ್ದು ಬಹುಮಟ್ಟಿಗೆ ಎರಡನೆಯ ಲೆಕ್ಕವನ್ನು.

ಭೂಗೋಳವನ್ನು ಒಮ್ಮೆ ನೋಡಿದರೆ ಈ ಲೆಕ್ಕದ ಕಷ್ಟ ತಿಳಿಯುತ್ತದೆ. ಕೆನಡಾದ ವಿಸ್ತೀರ್ಣ ಭಾರತದ ಸುಮಾರು ಮೂರು ಪಟ್ಟು. ಜನಸಂಖ್ಯೆಯಾದರೋ ನಾಲ್ಕು ಕೋಟಿಯ ಆಸುಪಾಸಿನಲ್ಲಿದೆ, ಅಂದರೆ 2011ರ ಜನಗಣತಿಯಲ್ಲಿ ಕರ್ನಾಟಕವೊಂದರಲ್ಲೇ ಇದ್ದ 6.11 ಕೋಟಿಗಿಂತ ಕಡಿಮೆ. ಆ ನಾಲ್ಕು ಕೋಟಿಯಲ್ಲಿ ಬಹುಪಾಲು ಜನ ಅಮೆರಿಕದ ಗಡಿಗೆ ಹತ್ತಿರದ ದಕ್ಷಿಣದ ಪಟ್ಟಿಯಲ್ಲಿ ವಾಸಿಸುತ್ತಾರೆ. ಉತ್ತರದ ಯೂಕಾನ್, ನಾರ್ತ್‌ವೆಸ್ಟ್ ಟೆರಿಟರೀಸ್ ಮತ್ತು ನುನಾವುಟ್ ಪ್ರದೇಶಗಳು ಸೇರಿ ದೇಶದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೆಲವನ್ನು ಆವರಿಸಿದ್ದರೂ, 2021ರ ಜನಗಣತಿಯಂತೆ ಅಲ್ಲಿದ್ದವರು ಸುಮಾರು 1 ಲಕ್ಷ 18 ಸಾವಿರ ಜನ ಮಾತ್ರ. ಕರಾವಳಿಯ ಉದ್ದ ದ್ವೀಪಗಳೂ ಸೇರಿ 2 ಲಕ್ಷ 43 ಸಾವಿರ ಕಿಲೋಮೀಟರ್, ಜಗತ್ತಿನಲ್ಲೇ ಅತಿ ಹೆಚ್ಚು. ಇಷ್ಟು ವಿಸ್ತಾರವಾದ ದೇಶವನ್ನು ಕಾಯಲು ಮಂಜೂರಾಗಿರುವ ಖಾಯಂ ಸೇನಾಬಲ 71,500, ಅದೂ ಪೂರ್ತಿ ಭರ್ತಿಯಾಗಿಲ್ಲ. 1924ರಲ್ಲಿ ರಾಷ್ಟ್ರಗಳ ಸಂಘದಲ್ಲಿ ಕೆನಡಾದ ಪ್ರತಿನಿಧಿ ಸೆನೆಟರ್ ರಾವುಲ್ ದಾಂದ್ಯೂರಾಂ ತಮ್ಮ ದೇಶವನ್ನು ಬೆಂಕಿ ತಗಲದ ಮನೆಗೆ ಹೋಲಿಸಿದ್ದರು, ಸುಡುವ ವಸ್ತುಗಳಿಂದ ತಾವು ದೂರದಲ್ಲಿದ್ದೇವೆ ಎಂದಿದ್ದರು. ಆ ಕಾಲಕ್ಕೆ ಅದು ಉತ್ಪ್ರೇಕ್ಷೆಯಾಗಿರಲಿಲ್ಲ. ದೂರಗಾಮಿ ಬಾಂಬರ್ ವಿಮಾನ ಮತ್ತು ಅಣುಬಾಂಬ್ ಬಂದ ಮೇಲೆ ಆ ಮಾತಿಗೆ ಅರ್ಥ ಉಳಿಯಲಿಲ್ಲ.

ಗೋಡೆಗೆ ನೇತುಹಾಕುವ ನಕ್ಷೆಯಲ್ಲಿ ರಷ್ಯಾ ಒಂದು ತುದಿಯಲ್ಲಿ, ಅಮೆರಿಕ ಇನ್ನೊಂದು ತುದಿಯಲ್ಲಿ ಕಾಣುತ್ತವೆ. ಭೂಗೋಳದ ಗುಂಡನ್ನು ಕೈಗೆತ್ತಿಕೊಂಡು ಮೇಲಿನಿಂದ ನೋಡಿದರೆ ಅವೆರಡರ ನಡುವಿನ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಮೂಲಕ ಹಾದು, ಕೆನಡಾದ ಮೇಲೆಯೇ ಇಳಿಯುತ್ತದೆ. ಆದ್ದರಿಂದಲೇ 1950ರ ದಶಕದಲ್ಲಿ ಕೆನಡಾದ ನೆಲದಲ್ಲಿ ಒಂದರ ಮೇಲೊಂದರಂತೆ ಮೂರು ರೇಡಾರ್ ಸಾಲುಗಳು ಎದ್ದವು. ಅವುಗಳಲ್ಲಿ ಅತ್ಯಂತ ಉತ್ತರದ್ದಾದ ಡ್ಯೂ ಲೈನ್ 1957ರಲ್ಲಿ ಕಾರ್ಯಾರಂಭ ಮಾಡಿತು, ಅದರ ಖರ್ಚನ್ನು ಹೊತ್ತದ್ದು ಮುಖ್ಯವಾಗಿ ಅಮೆರಿಕ. ಮರುವರ್ಷದ ಮೇ ತಿಂಗಳಿನಲ್ಲಿ ನೊರಾಡ್ ಒಪ್ಪಂದಕ್ಕೆ ಸಹಿಯಾಯಿತು. ನ್ಯಾಟೊ ಹಲವು ದೇಶಗಳ ಒಕ್ಕೂಟವಾದರೆ ನೊರಾಡ್ ಎರಡೇ ದೇಶಗಳ ಜಂಟಿ ಸೇನಾ ಕಮಾಂಡ್. ಅದರ ಕೇಂದ್ರ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿದೆ. ಮುಖ್ಯಸ್ಥರು ಅಮೆರಿಕದವರು, ಉಪಮುಖ್ಯಸ್ಥರು ಕೆನಡಾದವರು, ಇಬ್ಬರೂ ಎರಡೂ ಸರ್ಕಾರಗಳಿಗೆ ಉತ್ತರದಾಯಿಗಳು. ಒಂದು ಸ್ವತಂತ್ರ ದೇಶ ತನ್ನ ವಾಯುಪ್ರದೇಶದ ಕಾವಲನ್ನು ನೆರೆಯ ದೇಶದೊಂದಿಗೆ ಇಷ್ಟು ಆಳವಾಗಿ ಹಂಚಿಕೊಂಡ ಉದಾಹರಣೆ ಬೇರೆ ಸಿಗುವುದು ಕಷ್ಟ.

ಈ ಹಂಚಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಕೆಲವು ಸಂದರ್ಭಗಳಲ್ಲಿ ಸ್ಪಷ್ಟವಾಗಿ ನೋಡಬಹುದು. 1962ರ ಅಕ್ಟೋಬರ್‌ನಲ್ಲಿ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ತಲೆದೋರಿದಾಗ, ತಮ್ಮೊಂದಿಗೆ ಸರಿಯಾಗಿ ಸಮಾಲೋಚಿಸಲಿಲ್ಲ ಎಂಬ ಅಸಮಾಧಾನದಲ್ಲಿದ್ದ ಪ್ರಧಾನಿ ಜಾನ್ ಡೀಫನ್‌ಬೇಕರ್ ಕೆನಡಾದ ಪಡೆಗಳನ್ನು ಕಟ್ಟೆಚ್ಚರದಲ್ಲಿಡಲು ಹಿಂದೇಟು ಹಾಕಿದರು. ರಕ್ಷಣಾ ಸಚಿವ ಡಗ್ಲಸ್ ಹಾರ್ಕ್‌ನೆಸ್ ಪ್ರಧಾನಿಯ ಒಪ್ಪಿಗೆಗೆ ಕಾಯದೆ ಸದ್ದಿಲ್ಲದೆ ಸಿದ್ಧತೆಗೆ ಆದೇಶಿಸಿದರು. ಪ್ರಧಾನಿಯ ಅನುಮತಿಗಿಂತ ಜಂಟಿ ಕಮಾಂಡಿನ ಅಗತ್ಯ ಮುಂದೆ ಹೋದ ಗಳಿಗೆ ಅದು. ಇನ್ನೊಂದು ಬದಿಯೂ ಇದೆ. 2001ರ ಸೆಪ್ಟೆಂಬರ್ 11ರ ಬೆಳಗ್ಗೆ ಚೆಯೆನ್ ಪರ್ವತದೊಳಗಿನ ನೊರಾಡ್ ಕಾರ್ಯಾಚರಣೆ ಕೇಂದ್ರದಲ್ಲಿ ಉಸ್ತುವಾರಿ ವಹಿಸಿದ್ದವರು ಕೆನಡಾದ ಸೇನಾಧಿಕಾರಿ ರಿಕ್ ಫಿಂಡ್ಲೆ. ಅಮೆರಿಕದ ಮೇಲೆ ನಡೆದ ಅತಿ ದೊಡ್ಡ ವೈಮಾನಿಕ ದಾಳಿಯ ಹೊತ್ತಿನಲ್ಲಿ ಅಮೆರಿಕದ ಆಕಾಶದ ಕಾವಲಿನ ಕುರ್ಚಿಯಲ್ಲಿ ನೆರೆ ದೇಶದವರೊಬ್ಬರು ಕುಳಿತಿದ್ದರು ಎಂಬುದು ಒಕ್ಕೂಟಗಳ ಬಗ್ಗೆ ಸಂಶಯ ಇರುವವರೂ ಗಮನಿಸಬೇಕಾದ ಸಂಗತಿ. ಹಂಚಿಕೆ ಎರಡೂ ಕಡೆಗೆ ಹರಿಯಬಲ್ಲದು.

ಆದರೆ ಎಲ್ಲಿ ಕೆನಡಾ ಹಿಂದೆ ಸರಿಯುತ್ತದೋ ಅಲ್ಲಿ ಹರಿವು ನಿಲ್ಲುತ್ತದೆ. 2004ರಲ್ಲಿ ಒಪ್ಪಂದಕ್ಕೆ ತಿದ್ದುಪಡಿ ಮಾಡಿ, ನೊರಾಡ್ ಕಲೆಹಾಕುವ ಕ್ಷಿಪಣಿ ಎಚ್ಚರಿಕೆಯ ಮಾಹಿತಿಯನ್ನು ಅಮೆರಿಕದ ಕ್ಷಿಪಣಿ ರಕ್ಷಣಾ ವ್ಯವಸ್ಥೆಗೆ ಒದಗಿಸಲು ಕೆನಡಾ ಒಪ್ಪಿತು. ಮರುವರ್ಷ ಫೆಬ್ರುವರಿಯಲ್ಲಿ ಪ್ರಧಾನಿ ಪಾಲ್ ಮಾರ್ಟಿನ್ ಅದೇ ಕ್ಷಿಪಣಿ ರಕ್ಷಣಾ ವ್ಯವಸ್ಥೆಯಲ್ಲಿ ಪಾಲ್ಗೊಳ್ಳಲು ನಿರಾಕರಿಸಿದರು. ಇದರ ಫಲವಾಗಿ, ಉತ್ತರ ಅಮೆರಿಕದತ್ತ ಬರುವ ಖಂಡಾಂತರ ಕ್ಷಿಪಣಿಯನ್ನು ಗುರುತಿಸಿ ಎಚ್ಚರಿಸುವ ಕೆಲಸದಲ್ಲಿ ಕೆನಡಾದ ಅಧಿಕಾರಿ ಅಮೆರಿಕದ ಅಧಿಕಾರಿಯ ಪಕ್ಕದಲ್ಲೇ ಕುಳಿತಿರುತ್ತಾರೆ, ಅದನ್ನು ಹೊಡೆಯಬೇಕೇ, ಯಾವಾಗ ಹೊಡೆಯಬೇಕು ಎಂಬ ತೀರ್ಮಾನದ ಘಟ್ಟದಲ್ಲಿ ಅವರಿಗೆ ಪಾತ್ರವಿಲ್ಲ. ಆ ಕ್ಷಿಪಣಿ ಅಮೆರಿಕದ ಡೆಟ್ರಾಯ್ಟಿನತ್ತ ಹೊರಟಿರಲಿ, ನದಿಯಾಚೆ ದಡದಲ್ಲಿರುವ ಕೆನಡಾದ ವಿಂಡ್ಸರ್‌ನತ್ತ ಹೊರಟಿರಲಿ, ವ್ಯವಸ್ಥೆ ಇರುವುದು ಹಾಗೆಯೇ. ತತ್ವದ ಕಾರಣಕ್ಕೆ ತೆಗೆದುಕೊಂಡ ನಿರ್ಧಾರಕ್ಕೆ ನನ್ನ ಗೌರವವಿದೆ. ಅದರ ಬೆಲೆ ಏನು ಎಂಬುದನ್ನು ಕೆನಡಾದ ಸಾರ್ವಜನಿಕರಿಗೆ ಯಾರೂ ನೇರವಾಗಿ ಹೇಳಲಿಲ್ಲ ಎಂಬುದು ನನ್ನ ತಕರಾರು.

2023ರ ಫೆಬ್ರುವರಿಯ ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಚೀನಾದ ಬೃಹತ್ ಬಲೂನೊಂದು ಅಲಾಸ್ಕಾ ದಾಟಿ, ಕೆನಡಾದ ಮೇಲೆ ಹಾದು, ಅಮೆರಿಕವನ್ನು ಉದ್ದಕ್ಕೂ ಕ್ರಮಿಸಿ, ಫೆಬ್ರುವರಿ 4ರಂದು ದಕ್ಷಿಣ ಕೆರೊಲಿನಾದ ತೀರದಾಚೆ ಹೊಡೆದುರುಳಿಸಲ್ಪಟ್ಟದ್ದು ನಿಮಗೆ ನೆನಪಿರಬಹುದು. ಒಂದು ವಾರದ ನಂತರ, ಫೆಬ್ರುವರಿ 11ರಂದು, ಗುರುತು ಸಿಗದ ಇನ್ನೊಂದು ಚಿಕ್ಕ ವಸ್ತು ಯೂಕಾನ್ ಪ್ರದೇಶದ ಆಕಾಶದಲ್ಲಿ ಕಾಣಿಸಿತು. ಅದನ್ನು ಹೊಡೆಯುವಂತೆ ಪ್ರಧಾನಿ ಜಸ್ಟಿನ್ ಟ್ರುಡೊ ಆದೇಶಿಸಿದರು. ಕೆನಡಾದ ಸಿಎಫ್-18 ವಿಮಾನಗಳೂ ಅಮೆರಿಕದ ಎಫ್-22 ವಿಮಾನಗಳೂ ಹೊರಟವು. ಮೊದಲು ತಲುಪಿ ಕ್ಷಿಪಣಿ ಹಾರಿಸಿದ್ದು ಎಫ್-22. ಕೆನಡಾದ ನೆಲದ ಮೇಲೆ, ಕೆನಡಾದ ಪ್ರಧಾನಿಯ ಆದೇಶದಂತೆ, ಅಮೆರಿಕದ ಪೈಲಟ್ ಗುಂಡಿ ಒತ್ತಿದ. ನೊರಾಡ್ ನಿಯಮದ ದೃಷ್ಟಿಯಿಂದ ಎಲ್ಲವೂ ಕ್ರಮಬದ್ಧವಾಗಿಯೇ ನಡೆಯಿತು, ಯಾರ ಹಕ್ಕಿಗೂ ಚ್ಯುತಿ ಬರಲಿಲ್ಲ. ಆದರೂ ಆ ದಿನ ಅಮೆರಿಕದ ವಿಮಾನ ಇರದಿದ್ದರೆ, ಅಥವಾ ಇದ್ದೂ ಬರಲು ಅದಕ್ಕೆ ಮನಸ್ಸಿರದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ರಾಜಧಾನಿ ಒಟ್ಟಾವಾದ ಅಧಿಕಾರಿಗಳನ್ನು ಕಾಡದೆ ಇರಲು ಸಾಧ್ಯವಿರಲಿಲ್ಲ. ಸಿಎಫ್-18 ಕೆನಡಾದ ಸೇವೆಗೆ ಸೇರಿದ್ದು 1982ರಲ್ಲಿ.

ಬೆದರಿಕೆಯ ಸ್ವರೂಪವೂ ಬದಲಾಗಿದೆ. ಡ್ಯೂ ಲೈನ್‌ನ ಜಾಗದಲ್ಲಿ 1980ರ ದಶಕದ ಕೊನೆಯಿಂದ ನಾರ್ತ್ ವಾರ್ನಿಂಗ್ ಸಿಸ್ಟಂ ಎಂಬ ರೇಡಾರ್ ಸರಣಿ ಬಂತು. ಇದು ಮುಖ್ಯವಾಗಿ ಹತ್ತಿರ ಬರುವ ಬಾಂಬರ್ ವಿಮಾನಗಳನ್ನು ಗುರುತಿಸಲೆಂದು ರೂಪಿಸಿದ ವ್ಯವಸ್ಥೆ. ಇಂದು ರಷ್ಯಾದ ಬಾಂಬರ್ ತನ್ನ ದೇಶದ ಗಡಿಯೊಳಗೇ ಇದ್ದು ಸಾವಿರಾರು ಕಿಲೋಮೀಟರ್ ಸಾಗಬಲ್ಲ ಕ್ರೂಸ್ ಕ್ಷಿಪಣಿಯನ್ನು ಬಿಡಬಲ್ಲದು, ಆ ಕ್ಷಿಪಣಿ ನೆಲಕ್ಕೆ ತೀರ ಹತ್ತಿರದಲ್ಲಿ ಹಾರುತ್ತಾ ಬರುತ್ತದೆ. ಸಾಮಾನ್ಯ ರೇಡಾರಿಗೆ ಭೂಮಿಯ ಬಾಗಿನಾಚೆ ಇರುವುದು ಕಾಣಿಸದು. ಅದಕ್ಕಾಗಿಯೇ 2022ರ ಜೂನ್‌ನಲ್ಲಿ ಆಗಿನ ರಕ್ಷಣಾ ಸಚಿವೆ ಅನಿತಾ ಆನಂದ್ ನೊರಾಡ್ ಆಧುನೀಕರಣಕ್ಕೆ ಇಪ್ಪತ್ತು ವರ್ಷಗಳಲ್ಲಿ 3,860 ಕೋಟಿ ಕೆನಡಿಯನ್ ಡಾಲರ್ ವೆಚ್ಚದ ಯೋಜನೆಯನ್ನು ಪ್ರಕಟಿಸಿದರು. ಅದರ ಒಂದು ಭಾಗ ದಿಗಂತದಾಚೆಗೆ ನೋಡುವ ರೇಡಾರ್. ರೇಡಿಯೊ ಅಲೆಗಳನ್ನು ವಾತಾವರಣದ ಅತಿ ಮೇಲಿನ ಅಯಾನುಗೋಳಕ್ಕೆ ತಾಗಿಸಿ, ಅಲ್ಲಿಂದ ಮರಳಿ ಕೆಳಗೆ ಬಾಗುವಂತೆ ಮಾಡಿ, ಸಾವಿರಾರು ಕಿಲೋಮೀಟರ್ ಆಚೆಯ ವಸ್ತುವನ್ನು ಗುರುತಿಸುವ ವಿಧಾನ ಇದು. ಧ್ರುವಪ್ರದೇಶದಲ್ಲಿ ಧ್ರುವಪ್ರಭೆಯ ಚಟುವಟಿಕೆಯಿಂದ ಅಯಾನುಗೋಳವೇ ಕಲಕಿಹೋಗುವುದರಿಂದ ಅಲ್ಲಿ ಈ ತಂತ್ರ ಇನ್ನಷ್ಟು ಕಠಿಣ. 2025ರ ಮಾರ್ಚ್‌ನಲ್ಲಿ ಪ್ರಧಾನಿ ಮಾರ್ಕ್ ಕಾರ್ನಿ ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ಗೆ ಹೋಗಿ, ಈ ರೇಡಾರನ್ನು ಆಸ್ಟ್ರೇಲಿಯಾದ ಸಹಭಾಗಿತ್ವದಲ್ಲಿ 600 ಕೋಟಿ ಡಾಲರ್ ವೆಚ್ಚದಲ್ಲಿ ಪಡೆಯುವುದಾಗಿ ಪ್ರಕಟಿಸಿದರು. ಉತ್ತರ ಅಮೆರಿಕದ ಕಾವಲಿನ ಕಣ್ಣನ್ನು ಅಮೆರಿಕದಿಂದ ಕೊಳ್ಳದೆ ಇನ್ನೊಂದು ಮಧ್ಯಮ ಶಕ್ತಿ ರಾಷ್ಟ್ರದಿಂದ ಕೊಂಡದ್ದು ಆಕಸ್ಮಿಕವಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ. (ಕಾರ್ನಿ ಈಗ ಪ್ರತಿನಿಧಿಸುವ ನೇಪಿಯನ್ ಕ್ಷೇತ್ರವನ್ನು ಅವರಿಗೂ ಮೊದಲು ಹತ್ತು ವರ್ಷ ಪ್ರತಿನಿಧಿಸಿದವರು ಶಿರಾ ತಾಲ್ಲೂಕಿನ ದ್ವಾರ್ಲು ಗ್ರಾಮದ ಚಂದ್ರ ಆರ್ಯ. 2022ರಲ್ಲಿ ಕೆನಡಾದ ಸಂಸತ್ತಿನಲ್ಲಿ ಅವರು ಕನ್ನಡದಲ್ಲಿ ಮಾತನಾಡಿದ್ದನ್ನು ಅನೇಕರು ಕೇಳಿರಬಹುದು.)

ಆರ್ಕ್ಟಿಕ್ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅಲ್ಲಿ ಭಿನ್ನಾಭಿಪ್ರಾಯ ಇರುವುದು ಮಿತ್ರನೊಂದಿಗೇ. ಮೂವತ್ತಾರು ಸಾವಿರಕ್ಕೂ ಹೆಚ್ಚು ದ್ವೀಪಗಳ ನಡುವೆ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ನತ್ತ ಸಾಗುವ ವಾಯವ್ಯ ಜಲಮಾರ್ಗವನ್ನು ಕೆನಡಾ ತನ್ನ ಒಳನಾಡಿನ ನೀರು ಎನ್ನುತ್ತದೆ. ಅಮೆರಿಕ ಅದನ್ನು ಎಲ್ಲ ದೇಶಗಳ ಹಡಗುಗಳೂ ಸಾಗಬಹುದಾದ ಅಂತರರಾಷ್ಟ್ರೀಯ ಜಲಸಂಧಿ ಎನ್ನುತ್ತದೆ. 1969ರಲ್ಲಿ ಅಮೆರಿಕದ ಮ್ಯಾನ್‌ಹಟನ್ ಎಂಬ ತೈಲ ಹಡಗು ಆ ಮಾರ್ಗದಲ್ಲಿ ಸಾಗಿದಾಗ ಕೆನಡಾ ಮರುವರ್ಷವೇ ಆರ್ಕ್ಟಿಕ್ ನೀರಿನ ಮಾಲಿನ್ಯ ತಡೆಗೆ ಕಾಯ್ದೆ ಮಾಡಿತು. 1985ರಲ್ಲಿ ಪೋಲಾರ್ ಸೀ ಎಂಬ ಅಮೆರಿಕದ ಹಿಮಭಂಜಕ ಹಡಗು ಕೆನಡಾದ ಅನುಮತಿ ಕೇಳದೆ ಹೋದಾಗ ದೊಡ್ಡ ಗಲಾಟೆಯಾಗಿ, 1988ರಲ್ಲಿ ಒಂದು ರಾಜಿ ಏರ್ಪಟ್ಟಿತು. ಅದರಂತೆ ಅಮೆರಿಕದ ಹಿಮಭಂಜಕಗಳು ಕೆನಡಾದ ಸಮ್ಮತಿ ಪಡೆದು ಸಾಗುತ್ತವೆ, ಕಾನೂನಿನ ಪ್ರಶ್ನೆಯಲ್ಲಿ ಇಬ್ಬರೂ ತಮ್ಮ ತಮ್ಮ ನಿಲುವನ್ನು ಬಿಟ್ಟುಕೊಡುವುದಿಲ್ಲ. ಒಬ್ಬ ಸದಸ್ಯನ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ ನ್ಯಾಟೊದ ಐದನೇ ವಿಧಿ ಇಂಥ ವಿವಾದಕ್ಕೆ ಉತ್ತರ ಕೊಡಲಾರದು. ಮಂಜು ಕರಗುತ್ತಾ ಹಡಗುಗಳ ಓಡಾಟ ಹೆಚ್ಚಿದಂತೆಲ್ಲ ಆ ಪ್ರಶ್ನೆ ಹತ್ತಿರವಾಗುತ್ತಲೇ ಹೋಗುತ್ತದೆ.

ಅಲ್ಲಿ ಕೆನಡಾದ ಸಾರ್ವಭೌಮತ್ವವನ್ನು ದಿನನಿತ್ಯ ಹೊತ್ತು ತಿರುಗುವವರು ಯಾರು ಎಂದರೆ, ಸುಮಾರು ಐದು ಸಾವಿರ ಮಂದಿ ಕೆನಡಿಯನ್ ರೇಂಜರ್‌ಗಳು. 1947ರಲ್ಲಿ ಆರಂಭವಾದ ಈ ಮೀಸಲು ಪಡೆಯಲ್ಲಿ ಉತ್ತರದ ಹಳ್ಳಿಗಳ ಇನುಯಿಟ್ ಮತ್ತಿತರ ಮೂಲನಿವಾಸಿಗಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕೆಂಪು ಮೇಲಂಗಿ ತೊಟ್ಟು, ಹಿಮವಾಹನದಲ್ಲಿ ಗಸ್ತು ತಿರುಗುವ ಅವರ ಕೈಯಲ್ಲಿ ಕೆಲವು ವರ್ಷಗಳ ಹಿಂದಿನವರೆಗೂ ಇದ್ದದ್ದು ಲೀ-ಎನ್‌ಫೀಲ್ಡ್ ಬಂದೂಕು, ಅಂದರೆ ನಮ್ಮ ಪೊಲೀಸ್ ಠಾಣೆಗಳಲ್ಲಿ ‘ತ್ರೀ ನಾಟ್ ತ್ರೀ’ ಎಂದು ಕರೆಯುತ್ತಿದ್ದ ಬಂದೂಕಿನ ಬಳಗದ್ದೇ. ಅತಿ ಚಳಿಯಲ್ಲೂ ಕೈಕೊಡುವುದಿಲ್ಲ ಎಂಬ ಕಾರಣಕ್ಕೆ ಅದು ಅಷ್ಟು ಕಾಲ ಉಳಿದಿತ್ತು. ಇದೇ ಉತ್ತರದ ಜನರ ಮೇಲೆ ಈ ದೇಶ ಹೊರಿಸಿದ ಭಾರವನ್ನೂ ಮರೆಯಬಾರದು. 1950ರ ದಶಕದಲ್ಲಿ ಕ್ವಿಬೆಕ್‌ನ ಇನುಕ್ಜುವಾಕ್‌ನ ಇನುಯಿಟ್ ಕುಟುಂಬಗಳನ್ನು ಸರ್ಕಾರ ಸುಮಾರು ಎರಡು ಸಾವಿರ ಕಿಲೋಮೀಟರ್ ಉತ್ತರಕ್ಕೆ, ಗ್ರೀಸ್ ಫಿಯರ್ಡ್ ಮತ್ತು ರೆಸೊಲ್ಯೂಟ್ ಎಂಬ ನಿರ್ಜನ ಜಾಗಗಳಿಗೆ ಸಾಗಿಸಿತು. ಒಳ್ಳೆಯ ಬೇಟೆ ಸಿಗುತ್ತದೆ ಎಂದು ಅವರಿಗೆ ಹೇಳಲಾಗಿತ್ತು. ತಿಂಗಳುಗಟ್ಟಲೆ ಸೂರ್ಯನೇ ಕಾಣದ, ಪರಿಚಯವಿಲ್ಲದ ನೆಲದಲ್ಲಿ ಅವರು ಪಟ್ಟ ಪಾಡು ಹೇಳತೀರದ್ದು. ಜನವಸತಿ ಇದೆ ಎಂದು ತೋರಿಸಿ ಆ ದ್ವೀಪಗಳ ಮೇಲಿನ ಹಕ್ಕನ್ನು ಗಟ್ಟಿ ಮಾಡಿಕೊಳ್ಳುವುದೇ ಅದರ ಉದ್ದೇಶವಾಗಿತ್ತು ಎಂಬ ಆರೋಪ ಇಂದಿಗೂ ಇದೆ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಆರ್ಕ್ಟಿಕ್ ರಕ್ಷಣೆ ಎಂದರೆ ಹಡಗು ಮತ್ತು ರೇಡಾರ್ ಎಂದಷ್ಟೇ ಮಾತನಾಡುವವರಿಗೆ ಈ ಅಧ್ಯಾಯವನ್ನು ನೆನಪಿಸುವುದು ನನಗೆ ಅಗತ್ಯವೆನಿಸುತ್ತದೆ. ಅಲ್ಲಿ ಬಂದರು, ರನ್‌ವೇ, ಆಸ್ಪತ್ರೆ, ಕುಡಿಯುವ ನೀರು ಇಲ್ಲದೆ ಹೋದರೆ ಸೇನೆಯೂ ನಿಲ್ಲಲಾರದು, ಜನರೂ ನಿಲ್ಲಲಾರರು.

ಇನ್ನು ಯೂರೋಪಿನ ಕಡೆಗೆ ಬರೋಣ. ಶೀತಲ ಸಮರ ಮುಗಿದ ನಂತರ ಕೆನಡಾ ಜರ್ಮನಿಯಲ್ಲಿದ್ದ ತನ್ನ ನೆಲೆಗಳನ್ನು ಮುಚ್ಚಿ, ಸೇನೆಯ ಗಾತ್ರವನ್ನೂ ಬಜೆಟ್ಟನ್ನೂ ಕಡಿತಗೊಳಿಸಿತು. ಹಣ ಕಡಿಮೆ ಕೊಟ್ಟ ದೇಶ ಎಂಬ ದೂರು ಆಗಿನಿಂದಲೂ ಇದೆ. ಆದರೆ ಐದನೇ ವಿಧಿ ಇತಿಹಾಸದಲ್ಲಿ ಒಂದೇ ಬಾರಿ, 2001ರ ದಾಳಿಯ ನಂತರ ಅಮೆರಿಕದ ಪರವಾಗಿ ಬಳಕೆಯಾದಾಗ, ಕೆನಡಾ ಅಫ್ಗಾನಿಸ್ತಾನಕ್ಕೆ ನಲವತ್ತು ಸಾವಿರಕ್ಕೂ ಹೆಚ್ಚು ಯೋಧರನ್ನು ಸರದಿಯಲ್ಲಿ ಕಳಿಸಿ, ಅತ್ಯಂತ ಅಪಾಯಕಾರಿಯಾದ ಕಂದಹಾರ್ ಪ್ರಾಂತ್ಯದ ಹೊಣೆ ಹೊತ್ತು, 158 ಮಂದಿಯನ್ನು ಕಳೆದುಕೊಂಡಿತು. ಟ್ರೆಂಟನ್ ವಾಯುನೆಲೆಯಿಂದ ಟೊರಾಂಟೊಗೆ ಪಾರ್ಥಿವ ಶರೀರಗಳು ಸಾಗುವಾಗ ಹೆದ್ದಾರಿಯ ಪ್ರತಿ ಮೇಲ್ಸೇತುವೆಯ ಮೇಲೂ ಜನ, ಅಗ್ನಿಶಾಮಕ ಸಿಬ್ಬಂದಿ, ಮಾಜಿ ಸೈನಿಕರು ಧ್ವಜ ಹಿಡಿದು ನಿಲ್ಲುತ್ತಿದ್ದರು, ಆ ರಸ್ತೆಗೆ ವೀರರ ಹೆದ್ದಾರಿ ಎಂದೇ ಹೆಸರಾಯಿತು. ಒಕ್ಕೂಟಕ್ಕೆ ಸಲ್ಲಿಸಿದ ಪಾಲನ್ನು ಜಿಡಿಪಿಯ ಶೇಕಡಾವಾರಿನಲ್ಲಿ ಮಾತ್ರ ಅಳೆಯುವುದು ಅನ್ಯಾಯ ಎಂದು ನಾನು ಹೇಳುವುದು ಇದಕ್ಕಾಗಿ. 2017ರಿಂದ ಕೆನಡಾ ರಷ್ಯಾದ ನೆರೆಯ ಲಾಟ್ವಿಯಾದ ಅದಾಜಿ ಶಿಬಿರದಲ್ಲಿ ಹಲವು ದೇಶಗಳ ನ್ಯಾಟೊ ಪಡೆಯ ನೇತೃತ್ವ ವಹಿಸಿದೆ. ಉಕ್ರೇನ್ ಯುದ್ಧದ ನಂತರ ಅದು ಬ್ರಿಗೇಡ್ ಗಾತ್ರಕ್ಕೆ ಬೆಳೆದಿದೆ. ಚಿಕ್ಕ ಸೇನೆಗೆ ಇದು ದೊಡ್ಡ ಹೊರೆ: ಲಾಟ್ವಿಯಾದಲ್ಲಿ ಒಂದು ತಂಡ ಕಾವಲಿದ್ದರೆ ಇನ್ನೊಂದು ತಂಡ ಅಲ್ಲಿಗೆ ಹೊರಡಲು ತರಬೇತಿಯಲ್ಲಿರುತ್ತದೆ, ಮತ್ತೊಂದು ಹಿಂತಿರುಗಿ ಸುಧಾರಿಸಿಕೊಳ್ಳುತ್ತಿರುತ್ತದೆ. ಆರ್ಕ್ಟಿಕ್‌ಗೆ ಬೇಕಾದ ಜನ ಮತ್ತು ಸಾಮಗ್ರಿಯೂ ಅದೇ ಚಿಕ್ಕ ಸೇನೆಯಿಂದಲೇ ಬರಬೇಕು.

ಹಣದ ವಿಷಯವನ್ನು ಬೇಗ ಮುಗಿಸುತ್ತೇನೆ. 2014ರ ವೇಲ್ಸ್ ಶೃಂಗಸಭೆಯಲ್ಲಿ ನ್ಯಾಟೊ ರಾಷ್ಟ್ರಗಳು ಜಿಡಿಪಿಯ ಶೇ 2ರಷ್ಟನ್ನು ರಕ್ಷಣೆಗೆ ಮೀಸಲಿಡುವ ಗುರಿ ಒಪ್ಪಿಕೊಂಡಾಗ ಕೆನಡಾ ಶೇ 1ರ ಆಸುಪಾಸಿನಲ್ಲಿತ್ತು, ಹತ್ತು ವರ್ಷಗಳ ನಂತರ ಶೇ 1.4ರ ಸುತ್ತಮುತ್ತ ಇತ್ತು. 2032ರೊಳಗೆ ಗುರಿ ಮುಟ್ಟುವುದಾಗಿ ಟ್ರುಡೊ ಹೇಳಿದ್ದರು. 2025ರ ಜೂನ್‌ನಲ್ಲಿ ಕಾರ್ನಿ 900 ಕೋಟಿಗೂ ಹೆಚ್ಚು ಡಾಲರ್ ಹೆಚ್ಚುವರಿಯಾಗಿ ಒದಗಿಸಿ ಅದೇ ಹಣಕಾಸು ವರ್ಷದಲ್ಲಿ ಶೇ 2 ತಲುಪುವುದಾಗಿ ಘೋಷಿಸಿದರು. ಅದೇ ತಿಂಗಳು ಹೇಗ್ ಶೃಂಗಸಭೆಯಲ್ಲಿ ನ್ಯಾಟೊ 2035ಕ್ಕೆ ಶೇ 5ರ ಗುರಿ ಇಟ್ಟಿತು, ಅದರಲ್ಲಿ ಶೇ 3.5 ನೇರ ರಕ್ಷಣೆಗೆ, ಉಳಿದದ್ದು ಸಂಬಂಧಿತ ಮೂಲಸೌಕರ್ಯಕ್ಕೆ.

ಹಣ ಇದ್ದ ಮಾತ್ರಕ್ಕೆ ಬಲ ಬರುವುದಿಲ್ಲ ಎಂಬುದಕ್ಕೆ ಕೆನಡಾದ ಖರೀದಿಗಳೇ ಸಾಕ್ಷಿ. ಅಮೆರಿಕದ ಎಫ್-35 ಯುದ್ಧವಿಮಾನ ಕೊಳ್ಳುವುದಾಗಿ 2010ರಲ್ಲಿ ಒಂದು ಸರ್ಕಾರ ಘೋಷಿಸಿತು, 2012ರಲ್ಲಿ ವೆಚ್ಚದ ವಿವಾದದಿಂದ ಪ್ರಕ್ರಿಯೆ ನಿಂತಿತು. 2015ರಲ್ಲಿ ಆ ವಿಮಾನ ಕೊಳ್ಳುವುದೇ ಇಲ್ಲ ಎಂದು ಹೇಳಿ ಗೆದ್ದ ಇನ್ನೊಂದು ಸರ್ಕಾರ, ನಡುವೆ ಆಸ್ಟ್ರೇಲಿಯಾ ಬಳಸಿ ಬಿಟ್ಟ ಹಳೆಯ ಎಫ್-18 ವಿಮಾನಗಳನ್ನು ತಂದು, ಕೊನೆಗೆ 2023ರ ಜನವರಿಯಲ್ಲಿ 88 ಎಫ್-35 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು. ಆಗ 1,900 ಕೋಟಿ ಡಾಲರ್ ಎಂದಿದ್ದ ವೆಚ್ಚ 2,770 ಕೋಟಿಗೆ ಏರಿದೆ ಎಂದು 2025ರ ಜೂನ್‌ನಲ್ಲಿ ಮಹಾಲೇಖಪಾಲರು ವರದಿ ಕೊಟ್ಟರು. ಜಲಾಂತರ್ಗಾಮಿಗಳ ಕಥೆ ಇನ್ನೂ ನೋವಿನದು. 1987ರಲ್ಲಿ ಅಣುಶಕ್ತಿ ಚಾಲಿತ ಹತ್ತು ಹನ್ನೆರಡು ಜಲಾಂತರ್ಗಾಮಿಗಳ ಯೋಜನೆ ಹಾಕಿ, ಎರಡೇ ವರ್ಷದಲ್ಲಿ ಕೈಬಿಟ್ಟು, 1998ರಲ್ಲಿ ಬ್ರಿಟನ್‌ನಿಂದ ಬಳಸಿದ ನಾಲ್ಕನ್ನು ಕೊಂಡದ್ದಾಯಿತು. ಅವುಗಳಲ್ಲೊಂದಾದ ಷಿಕೂಟಿಮಿ 2004ರ ಅಕ್ಟೋಬರ್‌ನಲ್ಲಿ ಕೆನಡಾಕ್ಕೆ ಬರುವ ದಾರಿಯಲ್ಲೇ ಬೆಂಕಿಗೆ ತುತ್ತಾಗಿ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡರು. ನಾಲ್ಕರಲ್ಲಿ ಒಂದು ಮಾತ್ರ ಸಮುದ್ರಕ್ಕಿಳಿಯುವ ಸ್ಥಿತಿಯಲ್ಲಿದೆ ಎಂದು 2025ರಲ್ಲಿ ಪ್ರಧಾನಿಯೇ ಒಪ್ಪಿಕೊಂಡರು. ಈಗ ಹನ್ನೆರಡರವರೆಗೆ ಹೊಸ ಜಲಾಂತರ್ಗಾಮಿಗಳನ್ನು ಕೊಳ್ಳುವ ಯೋಜನೆ ಇದೆ, 2025ರ ಆಗಸ್ಟ್‌ನಲ್ಲಿ ಅಂತಿಮ ಸುತ್ತಿಗೆ ಬಂದದ್ದು ಜರ್ಮನಿಯ ಮತ್ತು ದಕ್ಷಿಣ ಕೊರಿಯಾದ ಕಂಪನಿಗಳು. ಮೂರು ಸಾಗರಗಳಿರುವ ದೇಶ ಪ್ರತಿ ಸರ್ಕಾರ ಬದಲಾದಾಗಲೂ ಖರೀದಿಯನ್ನು ಮೊದಲಿನಿಂದ ಆರಂಭಿಸಿದ್ದು ಮಿತ್ರನ ತಪ್ಪಲ್ಲ. ಅಮೆರಿಕ ಹೇಗೂ ಇದೆಯಲ್ಲ ಎಂಬ ಭರವಸೆ ಆ ಅಸಡ್ಡೆಗೆ ಅವಕಾಶ ಕೊಟ್ಟಿತು.

ಆ ಭರವಸೆಯೇ ಅಲ್ಲಾಡಿದ್ದರಿಂದ 2025 ಬೇರೆಯಾಯಿತು. 2024ರ ಡಿಸೆಂಬರ್‌ನಿಂದ ಡೊನಾಲ್ಡ್ ಟ್ರಂಪ್ ಕೆನಡಾವನ್ನು 51ನೇ ರಾಜ್ಯ ಎಂದು ಕರೆಯತೊಡಗಿದರು. ಗ್ರೀನ್‌ಲ್ಯಾಂಡ್ ಪಡೆಯಲು ಸೇನಾಬಲವನ್ನು ಬಳಸುವುದಿಲ್ಲ ಎಂದು ಹೇಳಲು ಒಪ್ಪಲಿಲ್ಲ. ಗ್ರೀನ್‌ಲ್ಯಾಂಡ್ ನ್ಯಾಟೊದ ಇನ್ನೊಂದು ಸ್ಥಾಪಕ ರಾಷ್ಟ್ರವಾದ ಡೆನ್ಮಾರ್ಕ್‌ಗೆ ಸೇರಿದ್ದು, ಕೆನಡಾದ ಪಕ್ಕದ ನೆಲ. ಗೋಲ್ಡನ್ ಡೋಮ್ ಎಂಬ ಅಮೆರಿಕದ ಹೊಸ ಕ್ಷಿಪಣಿ ರಕ್ಷಣಾ ಯೋಜನೆಯಲ್ಲಿ ಸೇರಬೇಕಾದರೆ 6,100 ಕೋಟಿ ಡಾಲರ್ ಕೊಡಬೇಕು, ಅಮೆರಿಕದ ರಾಜ್ಯವಾದರೆ ಉಚಿತ ಎಂದು ಟ್ರಂಪ್ ಮೇ ತಿಂಗಳಿನಲ್ಲಿ ಬರೆದರು. 1938ರ ಅಭಯದಲ್ಲಿ ಬೇರಾವುದೇ ಸಾಮ್ರಾಜ್ಯ ಎಂಬ ಮಾತಿತ್ತು, ಅಭಯ ಕೊಟ್ಟವರಿಂದಲೇ ಇಂಥ ಮಾತು ಬರಬಹುದು ಎಂಬುದನ್ನು ಯಾವ ಒಪ್ಪಂದವೂ ಊಹಿಸಿರಲಿಲ್ಲ. ಅಮೆರಿಕದ ಸೇನೆ ಗಡಿ ದಾಟುತ್ತದೆ ಎಂದು ನಾನು ನಂಬುವುದಿಲ್ಲ. ಆದರೆ ಬಿಡಿಭಾಗ, ಸಾಫ್ಟ್‌ವೇರ್ ಪರಿಷ್ಕರಣೆ, ಉಪಗ್ರಹ ಮಾಹಿತಿ ಇವೆಲ್ಲ ಒಂದೇ ಕಡೆಯಿಂದ ಬರುವಾಗ ಒತ್ತಡ ಹೇರಲು ಸೇನೆ ಬೇಕಾಗಿಲ್ಲ. ಇದು ಒಕ್ಕೂಟದ ಸದಸ್ಯರಿಗಷ್ಟೇ ಬರುವ ತೊಡಕೂ ಅಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವ ತೇಜಸ್ ಮಾರ್ಕ್-1ಎ ವಿಮಾನಗಳು ಅಮೆರಿಕದ ಎಂಜಿನ್ ಬರುವುದು ತಡವಾಗಿ ಕಾಯಬೇಕಾದದ್ದನ್ನು ನಾವು ಕಂಡಿದ್ದೇವೆ. ಅಲ್ಲಿ ತಡವಾದದ್ದು ಕಂಪನಿಯ ಪೂರೈಕೆಯ ತೊಂದರೆಯಿಂದ. ರಾಜಕೀಯ ಉದ್ದೇಶವೂ ಸೇರಿಕೊಂಡರೆ ಏನಾದೀತು ಎಂಬುದು ಒಟ್ಟಾವಾದ ಚಿಂತೆ.

ಕಾರ್ನಿ ಸರ್ಕಾರ 2025ರ ಮಾರ್ಚ್‌ನಲ್ಲಿ ಎಫ್-35 ಒಪ್ಪಂದದ ಮರುಪರಿಶೀಲನೆಗೆ ಆದೇಶಿಸಿದ್ದು, ರಕ್ಷಣಾ ಖರೀದಿಯ ಮುಕ್ಕಾಲು ಪಾಲು ಹಣ ಅಮೆರಿಕಕ್ಕೆ ಹೋಗುವುದು ಇನ್ನು ಸಲ್ಲದು ಎಂದದ್ದು, ಜೂನ್‌ನಲ್ಲಿ ಐರೋಪ್ಯ ಒಕ್ಕೂಟದೊಂದಿಗೆ ರಕ್ಷಣಾ ಸಹಭಾಗಿತ್ವಕ್ಕೆ ಸಹಿ ಹಾಕಿದ್ದು ಎಲ್ಲವೂ ಈ ಹಿನ್ನೆಲೆಯಲ್ಲಿ. ನನ್ನ ಅಭಿಪ್ರಾಯ ಕೇಳುವುದಾದರೆ, ಯುದ್ಧವಿಮಾನದ ವಿಷಯದಲ್ಲಿ ಸ್ವೀಡನ್ನಿನ ಗ್ರಿಪೆನ್‌ನತ್ತ ತಿರುಗುವುದರಿಂದ ಸಿಗುವ ಸ್ವಾತಂತ್ರ್ಯ ಹೊರಗೆ ಕಾಣುವಷ್ಟು ದೊಡ್ಡದಲ್ಲ, ಗ್ರಿಪೆನ್‌ನ ಎಂಜಿನ್ ಕೂಡ ಅಮೆರಿಕದ್ದೇ. ಎರಡು ಬಗೆಯ ವಿಮಾನ ಇಟ್ಟುಕೊಂಡರೆ ಎರಡು ಬಗೆಯ ತರಬೇತಿ, ಎರಡು ಬಗೆಯ ದುರಸ್ತಿ ಬೇಕು, ಪೈಲಟ್‌ಗಳ ಕೊರತೆ ಈಗಲೇ ಇದೆ. ರೇಡಾರ್, ಜಲಾಂತರ್ಗಾಮಿ, ಗಸ್ತು ಹಡಗು, ಉತ್ತರದ ರನ್‌ವೇಗಳು ಇವುಗಳ ಮೇಲೆ ಹಾಕುವ ಹಣ ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ತನ್ನ ಪ್ರದೇಶದಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಮೊದಲು ತಾನೇ ಕಂಡವನಿಗೆ ಮಾತುಕತೆಯ ಮೇಜಿನಲ್ಲಿ ಬೇರೆಯೇ ತೂಕವಿರುತ್ತದೆ. ನೊರಾಡ್‌ನಿಂದ ಹೊರಬರುವ ಮಾತು ಸಲ್ಲದು. ಹೊರಬಂದರೆ ಅಮೆರಿಕ ಕೆನಡಾದ ಆಕಾಶದ ಕಾವಲನ್ನು ನಿಲ್ಲಿಸುವುದಿಲ್ಲ, ಕೆನಡಾವನ್ನು ಕೇಳುವುದನ್ನು ಮಾತ್ರ ನಿಲ್ಲಿಸುತ್ತದೆ.

ಇನ್ನು ನಿಮ್ಮ ಮೊಮ್ಮಗನ ವಿಷಯ. ಕೆನಡಾದಲ್ಲಿ ಕಡ್ಡಾಯ ಸೇನಾ ಸೇವೆ ಇಲ್ಲ. ಎರಡೂ ಮಹಾಯುದ್ಧಗಳ ಕಾಲದಲ್ಲಿ, 1917ರಲ್ಲಿ ಮತ್ತು 1944ರಲ್ಲಿ, ಯುವಕರನ್ನು ಒತ್ತಾಯದಿಂದ ಸಾಗರದಾಚೆಯ ಯುದ್ಧಕ್ಕೆ ಕಳಿಸುವ ಪ್ರಶ್ನೆ ಎದ್ದಾಗ ಫ್ರೆಂಚ್ ಭಾಷಿಕ ಕ್ವಿಬೆಕ್ ತೀವ್ರವಾಗಿ ವಿರೋಧಿಸಿ ದೇಶವೇ ಇಬ್ಭಾಗವಾಗುವ ಸ್ಥಿತಿ ಬಂದಿತ್ತು. ಆ ಗಾಯದ ನೆನಪು ಇರುವವರೆಗೆ ಯಾವ ಪಕ್ಷವೂ ಅದನ್ನು ಸುಲಭವಾಗಿ ಮುಟ್ಟಲಾರದು. ಸೇನೆಯಲ್ಲಿ ಜನರ ಕೊರತೆ ಇರುವುದು ನಿಜ, ಅದಕ್ಕಾಗಿಯೇ 2022ರ ಕೊನೆಯಿಂದ ಖಾಯಂ ನಿವಾಸಿಗಳೂ ಸ್ವಇಚ್ಛೆಯಿಂದ ಸೇರಬಹುದು ಎಂದು ನಿಯಮ ಸಡಿಲಿಸಲಾಯಿತು. ಮೊದಲ ವರ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಖಾಯಂ ನಿವಾಸಿಗಳು ಅರ್ಜಿ ಹಾಕಿದರು, ಅವರಲ್ಲಿ ಆಯ್ಕೆಯಾದವರು ಶೇ 1ಕ್ಕಿಂತ ಕಡಿಮೆ. ಭದ್ರತಾ ಪರಿಶೀಲನೆಗೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಹುಡುಗನಿಗೆ ಇಷ್ಟವಿಲ್ಲದಿದ್ದರೆ ಯಾರೂ ಒತ್ತಾಯಿಸುವುದಿಲ್ಲ. ಇಷ್ಟವಿದ್ದರೆ ಖಾಯಂ ನಿವಾಸದ ದಾಖಲೆ, ಶಾಲೆಯ ಪ್ರಮಾಣಪತ್ರ, ಭಾರತದಲ್ಲಿದ್ದ ವರ್ಷಗಳ ವಿಳಾಸಗಳು ಇವನ್ನೆಲ್ಲ ಈಗಿನಿಂದಲೇ ಹೊಂದಿಸಿಟ್ಟುಕೊಂಡು, ಕ್ಯಾಲ್ಗರಿಯ ನೇಮಕಾತಿ ಕೇಂದ್ರದಲ್ಲಿ ಮೀಸಲು ಪಡೆಯ ಬಗ್ಗೆ ಮೊದಲು ವಿಚಾರಿಸಲಿ. ಓದು ಮುಂದುವರಿಸುತ್ತಲೇ ವಾರಾಂತ್ಯಗಳಲ್ಲಿ ಸೇವೆ ಸಲ್ಲಿಸಲು ಅಲ್ಲಿ ಅವಕಾಶವಿದೆ.